ಮಗ್ಗ ಕಾಣದ ಬಟ್ಟೆ

1965ರ ಡಿಸೆಂಬರ್‌ನಲ್ಲಿ ಟಾಂಗಾದ ರಾಣಿ ಸಲೋಟೆ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ತೀರಿಕೊಂಡರು. ಅವರ ದೇಹವನ್ನು ಊರಿಗೆ ಒಯ್ಯುವಾಗ ಶವಪೆಟ್ಟಿಗೆಯ ಅಡಿಗೆ ಹಾಸಿದ್ದು ಹನ್ನೆರಡು ವರ್ಷ ಹಳೆಯದಾದ ಒಂದು ಬಟ್ಟೆ. 1953ರಲ್ಲಿ ಬ್ರಿಟನ್ನಿನ ಎರಡನೇ ಎಲಿಜಬೆತ್ ಟಾಂಗಾಕ್ಕೆ ಬಂದಿದ್ದಾಗ ಆ ಸಂಭ್ರಮಕ್ಕೆಂದು ಅಲ್ಲಿನ ಹೆಂಗಸರು ಸೇರಿ ತಯಾರಿಸಿದ್ದ ಬಟ್ಟೆ ಅದು. ಉದ್ದ 20 ಮೀಟರಿಗೂ ಮಿಗಿಲು. ಒಬ್ಬ ರಾಣಿಯ ಸ್ವಾಗತಕ್ಕೆ ಹುಟ್ಟಿ, ಇನ್ನೊಬ್ಬ ರಾಣಿಯ ಕೊನೆಯ ಪ್ರಯಾಣಕ್ಕೆ ಒದಗಿದ ಅದು ಈಗ ವೆಲ್ಲಿಂಗ್ಟನ್ನಿನ ಟೆ ಪಾಪಾ ವಸ್ತುಸಂಗ್ರಹಾಲಯದಲ್ಲಿದೆ. ಅಷ್ಟು ದೊಡ್ಡ ಬಟ್ಟೆಯಲ್ಲಿ ನೂಲಿನ ಎಳೆ ಒಂದೂ ಇಲ್ಲ. ಹಾಸು ಇಲ್ಲ, ಹೊಕ್ಕು ಇಲ್ಲ. ಇಡೀ ಬಟ್ಟೆ ಮರದ ತೊಗಟೆಯದು.

ಪೆಸಿಫಿಕ್ ಸಾಗರದ ನಡುವೆ ಚೆಲ್ಲಿಹೋದ ಪಾಲಿನೇಷ್ಯಾ ದ್ವೀಪಗಳಲ್ಲಿ ಹತ್ತಿ ನೂಲುವವರಿರಲಿಲ್ಲ, ಕುರಿ ಸಾಕುವವರಿರಲಿಲ್ಲ, ಮಗ್ಗ ಹೂಡುವವರೂ ಇರಲಿಲ್ಲ. ಉಡುವುದಕ್ಕೆ, ಹೊದೆಯುವುದಕ್ಕೆ, ದೇವರಿಗೆ ಸುತ್ತುವುದಕ್ಕೆ, ಹೆಣಕ್ಕೆ ಹೊದಿಸುವುದಕ್ಕೆ ಎಲ್ಲಕ್ಕೂ ತೊಗಟೆಯನ್ನು ಬಡಿದು ಹಿಗ್ಗಿಸಿದ ಬಟ್ಟೆಯೇ ಬೇಕಿತ್ತು. ಟಾಂಗಾದಲ್ಲಿ ಅದು ನ್ಗಾಟು, ಸಮೋವಾದಲ್ಲಿ ಸಿಯಾಪೊ, ಹವಾಯಿಯಲ್ಲಿ ಕಾಪಾ, ನಿಯುವೆಯಲ್ಲಿ ಹಿಯಾಪೊ, ಪಕ್ಕದ ಫಿಜಿಯಲ್ಲಿ ಮಾಸಿ. ಹೊರಗಿನವರು ಎಲ್ಲವನ್ನೂ ಒಟ್ಟಿಗೆ ಟಾಪಾ ಎನ್ನುತ್ತಾರೆ.

ತೊಗಟೆ ಬಟ್ಟೆ ಎಂದರೆ ಕನ್ನಡದ ಓದುಗರಿಗೆ ಮೊದಲು ನೆನಪಾಗುವುದು ನಾರುಮಡಿ. ಅರಮನೆಯ ಪೀತಾಂಬರ ಕಳಚಿಟ್ಟು ರಾಮ, ಲಕ್ಷ್ಮಣರು ಉಟ್ಟು ಹೊರಟ ಬಟ್ಟೆ. ಎಲ್ಲವನ್ನೂ ಬಿಟ್ಟವರ ಉಡುಗೆ. ಪಾಲಿನೇಷ್ಯಾದಲ್ಲಿ ಲೆಕ್ಕ ಪೂರ್ತಿ ತಿರುಗುಮುರುಗು. ಅಲ್ಲಿ ಯಾರ ಮನೆಯಲ್ಲಿ ಹೆಚ್ಚು ತೊಗಟೆ ಬಟ್ಟೆ ಸುತ್ತಿಟ್ಟಿದೆಯೋ ಅವರೇ ಸಿರಿವಂತರು. ನಮ್ಮ ಪಶ್ಚಿಮ ಘಟ್ಟದಲ್ಲೂ ತೊಗಟೆ ಬಡಿಯುವ ವಿದ್ಯೆ ಇತ್ತು. ಕೊಡಗು, ಮಲಬಾರಿನ ಕಾಡುಗಳಲ್ಲಿ ಅಜ್ಜನಪಟ್ಟೆ ಮರದ ಕೊಂಬೆ ಕಡಿದು, ನೆನೆಸಿ, ಸುತ್ತಲೂ ಬಡಿದು, ಕಾಲುಚೀಲ ಕಳಚಿದ ಹಾಗೆ ತೊಗಟೆಯನ್ನು ಮಗುಚಿ, ತುದಿಯಲ್ಲಿ ಒಂದು ಬಿಲ್ಲೆ ಮರವನ್ನು ತಳಕ್ಕೆ ಉಳಿಸಿಕೊಂಡು ಹೊಲಿಗೆಯೇ ಇಲ್ಲದ ಚೀಲ ಮಾಡುತ್ತಿದ್ದರೆಂದು ಹತ್ತೊಂಬತ್ತನೇ ಶತಮಾನದ ಸಸ್ಯವಿಜ್ಞಾನಿಗಳು ಬರೆದಿಟ್ಟಿದ್ದಾರೆ. ಅದು ಧಾನ್ಯ ತುಂಬುವ ಚೀಲವಾಗಿಯೇ ಉಳಿಯಿತು. ಅದರ ಸುತ್ತ ಒಂದು ಸಮಾಜದ ಮಾನ ಮರ್ಯಾದೆ, ಕೊಡುಕೊಳ್ಳುವಿಕೆ ಬೆಳೆದದ್ದು ಪೆಸಿಫಿಕ್‌ನಲ್ಲಿ.

ಟಾಪಾಕ್ಕೆ ಬೇಕಾದ ಮುಖ್ಯ ಗಿಡ ಹಿಪ್ಪುನೇರಳೆಯ ಹತ್ತಿರದ ಬಂಧು. ಹಲಸು, ಜೀಗುಜ್ಜೆ, ಆಲ, ಮೇಲೆ ಹೇಳಿದ ಅಜ್ಜನಪಟ್ಟೆ ಎಲ್ಲವೂ ಅದೇ ಕುಟುಂಬದವು. ಚೀನಾ ಮತ್ತು ಜಪಾನಿನಲ್ಲಿ ಇದೇ ಗಿಡದ ನಾರಿನಿಂದ ಕಾಗದ ಮಾಡಿದರು. ಹಾಗಾಗಿ ಅದನ್ನು ಕಾಗದದ ಹಿಪ್ಪುನೇರಳೆ ಎನ್ನಬಹುದು. ಇದು ಪೆಸಿಫಿಕ್ ದ್ವೀಪಗಳ ಸ್ವಂತ ಗಿಡವಲ್ಲ. 2015ರಲ್ಲಿ ತೈವಾನ್ ಮತ್ತು ಚಿಲಿ ದೇಶದ ವಿಜ್ಞಾನಿಗಳು ಗಿಡದ ವಂಶವಾಹಿಯನ್ನು ಹೋಲಿಸಿ ನೋಡಿದಾಗ, ಪೆಸಿಫಿಕ್‌ನ ಗಿಡಗಳ ಮೂಲ ದಕ್ಷಿಣ ತೈವಾನ್ ಎಂದು ಕಂಡಿತು. ಪಾಲಿನೇಷ್ಯನ್ನರ ಭಾಷೆಯ ಬೇರುಗಳನ್ನು ಹಿಡಿದು ಹೊರಟ ಭಾಷಾಶಾಸ್ತ್ರಜ್ಞರು ಮುಟ್ಟುವುದೂ ಅದೇ ತೈವಾನನ್ನೇ.

ಇನ್ನೊಂದು ಸಂಗತಿ ಇನ್ನೂ ಸ್ವಾರಸ್ಯದ್ದು. ಈ ಜಾತಿಯಲ್ಲಿ ಹೆಣ್ಣು ಗಿಡ ಬೇರೆ, ಗಂಡು ಗಿಡ ಬೇರೆ. ಹವಾಯಿಯನ್ನು ಬಿಟ್ಟರೆ ಪಾಲಿನೇಷ್ಯಾದಲ್ಲಿ ಪರೀಕ್ಷಿಸಿದ ಗಿಡಗಳೆಲ್ಲ ಹೆಣ್ಣೇ. ಗಂಡಿಲ್ಲದ ಮೇಲೆ ಬೀಜವಿಲ್ಲ. ಬೀಜವಿಲ್ಲದ ಮೇಲೆ ಹಕ್ಕಿ ತಿಂದು ಉದುರಿಸಿ ಗಿಡ ಹರಡುವ ಪ್ರಶ್ನೆಯೂ ಇಲ್ಲ. ಬೇರಿನಿಂದ ಏಳುವ ಮರಿಸಸಿಗಳನ್ನು ಕಿತ್ತು, ಒದ್ದೆ ಮಾಡಿ ಕಟ್ಟಿ, ಉಪ್ಪುನೀರು ತಾಗದಂತೆ ಜೋಡಿದೋಣಿಗಳಲ್ಲಿ ವಾರಗಟ್ಟಲೆ ಕಾಪಾಡಿಕೊಂಡು ಒಯ್ದರೆ ಮಾತ್ರ ಮುಂದಿನ ದ್ವೀಪಕ್ಕೆ ಬಟ್ಟೆ. ಸಾವಿರಾರು ಮೈಲಿಯ ಸಮುದ್ರದಲ್ಲಿ ಈ ಗಿಡ ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ಅದನ್ನು ಯಾರೋ ಎತ್ತಿಕೊಂಡು ಹೋಗಿದ್ದಾರೆ.

ಎಲ್ಲ ಕಡೆ ಗಿಡ ಒಪ್ಪಿಕೊಳ್ಳಲಿಲ್ಲ. ಮಾವೊರಿಗಳು ನ್ಯೂಜಿಲೆಂಡಿಗೆ ಹೋಗಿ ನೆಲೆಸಿದಾಗ ಸಸಿಯನ್ನು ಒಯ್ದಿದ್ದರು. ಅಲ್ಲಿನ ಚಳಿಗೆ ಅದು ಕುಗ್ಗಿತು. 1769ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ಹೋದಾಗ ಉತ್ತರದ ಕರಾವಳಿಯಲ್ಲಿ ಬೆರಳೆಣಿಕೆಯ ಗಿಡಗಳನ್ನು ಜನ ಜೋಪಾನವಾಗಿ ಬೆಳೆಸಿಕೊಂಡಿದ್ದರು. ಅದರಿಂದ ಬಂದ ಅಂಗೈಯಷ್ಟು ಬಟ್ಟೆ ಕಿವಿಗೆ ಸಿಕ್ಕಿಸಿಕೊಳ್ಳುವ ಆಭರಣವಾಗಿತ್ತು. ಮೈಮುಚ್ಚಲು ಅವರು ಅಷ್ಟರಲ್ಲಾಗಲೇ ಅಲ್ಲಿನ ಹರಕೆಕೆ ಎಂಬ ಗಿಡದ ಎಲೆನಾರಿಗೆ ಹೊರಳಿದ್ದರು. ಕುಕ್ ತಂಡ ತಾಹಿತಿ ದ್ವೀಪದಿಂದ ತಂದಿದ್ದ ಟಾಪಾ ತುಂಡುಗಳನ್ನು ತೋರಿಸಿದಾಗ ಮಾವೊರಿಗಳು ಇಂಗ್ಲಿಷರ ಬೇರೆಲ್ಲ ಸರಕಿಗಿಂತ ಅದಕ್ಕೇ ಕೈಚಾಚಿದರು.

ಬಟ್ಟೆ ಆಗುವ ಬಗೆಯನ್ನು ಟಾಂಗಾದಲ್ಲಿ ನೋಡುವುದು ಸುಲಭ, ಏಕೆಂದರೆ ಅಲ್ಲಿ ಕೆಲಸ ನಿಂತಿಲ್ಲ. ಗಿಡಗಳನ್ನು ಒತ್ತೊತ್ತಾಗಿ ನೆಡುತ್ತಾರೆ. ಪಕ್ಕದ ಚಿಗುರು ಕಂಡ ಕೂಡಲೇ ಚಿವುಟುತ್ತಾರೆ. ಕವಲೊಡೆದರೆ ಆ ಜಾಗದಲ್ಲಿ ಬಟ್ಟೆಗೆ ತೂತು. ಒಂದು ಒಂದೂವರೆ ವರ್ಷಕ್ಕೆ ಗಿಡ ಆಳೆತ್ತರ ಮೀರುತ್ತದೆ, ಕಾಂಡ ಇನ್ನೂ ಸಪೂರವಾಗಿರುತ್ತದೆ. ಕಡಿದು, ಬುಡದಲ್ಲಿ ಒಂದು ಗೀರು ಹಾಕಿ ಎಳೆದರೆ ತೊಗಟೆ ಉದ್ದಕ್ಕೂ ಸುಲಿದು ಬರುತ್ತದೆ. ಹೊರಗಿನ ಕಂದು ಸಿಪ್ಪೆಯನ್ನು ಹೆರೆದು ಬಿಸಾಡಿ ಒಳಗಿನ ಬಿಳಿಯ ನಾರುಪಟ್ಟಿಯನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಅದು ಸುರುಳಿಗಟ್ಟುವ ಸ್ವಭಾವದ್ದು. ಒಳಮೈ ಹೊರಗೆ ಬರುವಂತೆ ತಿರುಗಿಸಿ ಸುತ್ತಿಟ್ಟರೆ ಚಪ್ಪಟೆಯಾಗುತ್ತದೆ. ಒಣಗಿಸಿದ ಪಟ್ಟಿಗಳನ್ನು ಬೇಕಾದಷ್ಟು ದಿನ ಎತ್ತಿಡಬಹುದು.

ಬಡಿಯುವ ದಿನ ಪಟ್ಟಿಯನ್ನು ನೀರಿನಲ್ಲಿ ನೆನೆಹಾಕುತ್ತಾರೆ. ಟುಟುವಾ ಎಂಬ ಉದ್ದನೆಯ ಮರದ ದಿಮ್ಮಿಯ ಮುಂದೆ ಹೆಂಗಸು ಕಾಲು ಮಡಿಸಿ ಕೂರುತ್ತಾಳೆ. ಕೈಯಲ್ಲಿ ಇಕೆ: ನಾಲ್ಕು ಮುಖದ ಮರದ ಕೊಡತಿ. ಮೂರು ಮುಖಕ್ಕೆ ಉದ್ದುದ್ದ ಗೀರುಗಳಿದ್ದರೆ ನಾಲ್ಕನೆಯದು ನುಣುಪು. ಗೀರಿನ ಮುಖ ನಾರನ್ನು ಅಡ್ಡಕ್ಕೆ ಹಿಗ್ಗಿಸುತ್ತದೆ, ನುಣುಪು ಮುಖ ಸಮ ಮಾಡುತ್ತದೆ. ನಾಲ್ಕು ಬೆರಳಗಲದ ಪಟ್ಟಿ ಏಟು ಬಿದ್ದಂತೆ ಅಗಲವಾಗುತ್ತಾ ಹೋಗಿ ಮೊಳದಷ್ಟಾಗುತ್ತದೆ. ಉದ್ದ ಮಾತ್ರ ಹೆಚ್ಚೇನೂ ಬದಲಾಗದು. ದಿಮ್ಮಿಯ ಅಡಿ ನೆಲಕ್ಕೆ ತಾಗದಂತೆ ಎರಡು ತುದಿಗೆ ಆಸರೆ ಕೊಟ್ಟಿರುವುದರಿಂದ ಏಟಿನ ಸದ್ದು ಮೊಳಗಿ ಊರೆಲ್ಲ ಕೇಳುತ್ತದೆ. ಇಬ್ಬರು ಮೂವರು ಒಂದೇ ದಿಮ್ಮಿಗೆ ಕೂತರೆ ಏಟು ಏಟಿನ ನಡುವೆ ಸಂದು ನೋಡಿ ಹೊಡೆಯಬೇಕು. ತಾಳ ತಪ್ಪಿದರೆ ಕೊಡತಿಗೆ ಕೊಡತಿ. ಭಾನುವಾರ ಈ ಸದ್ದು ಇರುವುದಿಲ್ಲ. ಟಾಂಗಾದ ಸಂವಿಧಾನವೇ ಅಂದು ಕೆಲಸ ಕೂಡದು ಎನ್ನುತ್ತದೆ.

ಇಷ್ಟು ಒಬ್ಬಳ ಮನೆಗೆಲಸ. ಮುಂದಿನದಕ್ಕೆ ಗುಂಪು ಬೇಕು. ಬಡಿದ ತುಂಡುಗಳನ್ನು ಜೋಡಿಸಿ ದೊಡ್ಡ ಹಾಳೆ ಮಾಡುವ ದಿನ ಊರಿನ ಹೆಂಗಸರು ಉದ್ದನೆಯ ಬಾಗು ಹಲಗೆಯ ಎರಡೂ ಬದಿಗೆ ಎದುರುಬದುರು ಕೂರುತ್ತಾರೆ. ಹಲಗೆಯ ಮೇಲೆ ಮೊದಲು ಕುಪೆಸಿ ಕಟ್ಟುತ್ತಾರೆ. ಕುಪೆಸಿ ಎಂದರೆ ಚಿತ್ತಾರದ ಅಚ್ಚು: ಒಣ ಎಲೆಯ ಹಾಳೆಯ ಮೇಲೆ ತೆಂಗಿನ ಗರಿಯ ಕಡ್ಡಿಯನ್ನು ಬಗ್ಗಿಸಿ ನಾರಿನಿಂದ ಹೊಲಿದದ್ದು. ಅದರ ಮೇಲೆ ಒಂದು ಪದರ ಬಟ್ಟೆ ಅಡ್ಡಡ್ಡ, ಇನ್ನೊಂದು ಪದರ ಉದ್ದುದ್ದ. ಅಂಟು ಎಂದರೆ ಅರೆಬೆಂದ ಮರಗೆಣಸು. ಕೈಯಲ್ಲಿ ಗಡ್ಡೆಯನ್ನೇ ಹಿಡಿದು ಉಜ್ಜುತ್ತಾರೆ. ಆಮೇಲೆ ಕೊಕಾ ಮರದ ತೊಗಟೆ ಹಿಂಡಿದ ಕೆಂಗಂದು ಬಣ್ಣದಲ್ಲಿ ಅದ್ದಿದ ಬಟ್ಟೆಯ ಉಂಡೆಯಿಂದ ಒತ್ತಿ ತಿಕ್ಕಿದರೆ ಅಡಿಯ ಕಡ್ಡಿಯ ಗೆರೆಗಳು ಮೇಲೆ ಮೂಡುತ್ತವೆ. ಇದೇ ಕೊಕಾ ಮರ ನಮ್ಮ ಘಟ್ಟದ ತೊರೆಗಳ ಬದಿಯಲ್ಲೂ ಇದೆ. ಒಂದು ಪಟ್ಟೆ ಮುಗಿದಂತೆ ಬಟ್ಟೆಯನ್ನು ಎಳೆದುಕೊಂಡು ಮುಂದಿನ ಪಟ್ಟೆಗೆ ಹೋಗುತ್ತಾರೆ. ಅಂಚಿನಲ್ಲಿ ಪಟ್ಟೆಗಳ ಅಂಕಿ ಬರೆಯುತ್ತಾರೆ, 1, 2, 3 ಎಂದು. ನ್ಗಾಟುವಿನ ತೂಕ ಆ ಅಂಕಿಯಲ್ಲಿದೆ: 50 ಪಟ್ಟೆಯದು ಲೌನಿಮಾ, ಅರಸು ಮನೆತನದ ಮಟ್ಟದ ಸಮಾರಂಭಕ್ಕೆ ತಕ್ಕದ್ದು.

ಹುಲ್ಲಿನ ಮೇಲೆ ಹಾಸಿ ಒಣಗಿಸಿದ ಮೇಲೆ ಕಪ್ಪು ಗೆರೆಗಳ ಕೆಲಸ. ಕುಂಚ ಅಂಗಡಿಯದ್ದಾಗಬೇಕಿಲ್ಲ. ಕೇದಗೆ ಜಾತಿಯ ಮರದ ಹಣ್ಣಿನ ಒಣ ತೊಳೆಯೊಂದರ ಬುಡವನ್ನು ಜಜ್ಜಿದರೆ ನಾರು ಬಿಚ್ಚಿಕೊಂಡು ಗಟ್ಟಿ ಕುಂಚವಾಗುತ್ತದೆ. ಬಣ್ಣಕ್ಕೆ ಕಾಂಡ್ಲಾ ಮರದ ತೊಗಟೆಯ ರಸ, ಎಣ್ಣೆಕಾಯಿ ಸುಟ್ಟ ಮಸಿ.

ಚಿತ್ತಾರಗಳು ಪುರಾತನವಾದವೇ ಆಗಿರಬೇಕೆಂಬ ಹಟ ಟಾಂಗಾದ ಹೆಂಗಸರಿಗೆ ಎಂದೂ ಇರಲಿಲ್ಲ. ತ್ರಿಕೋನಗಳನ್ನು ಕೂಡಿಸಿ ಎರಡು ಹಕ್ಕಿ ಕಾಣಿಸುವ ಮನುಲುವಾ ಹಳೆಯದು. ಅದರ ಪಕ್ಕದಲ್ಲೇ ಅರಮನೆಗೆ ಹೋಗುವ ದಾರಿಯ ಪೈನ್ ಮರಗಳ ಸಾಲು ಇದೆ, ರಾಜಲಾಂಛನದ ಕಿರೀಟ, ಪಾರಿವಾಳ, ಖಡ್ಗಗಳಿವೆ. ಎರಡನೇ ಮಹಾಯುದ್ಧದಲ್ಲಿ ಟಾಂಗಾದ ಜನ ಬ್ರಿಟನ್ನಿಗೆ ಸ್ಪಿಟ್‌ಫೈರ್ ಯುದ್ಧವಿಮಾನ ಕೊಳ್ಳಲು ಹಣ ಕೂಡಿಸಿ ಕಳಿಸಿದರು. ಸ್ವಲ್ಪದರಲ್ಲೇ ನ್ಗಾಟುವಿನ ಮೇಲೆ ಸ್ಪಿಟ್‌ಫೈರ್ ವಿಮಾನಗಳು ಹಾರಾಡಿದವು. ದೇಶದ ದಿನಚರಿಯನ್ನು ಬರೆದಿಡುವ ಕೆಲಸ ಅಕ್ಷರ ಬಲ್ಲ ಗಂಡಸರ ಕಚೇರಿಗಳಲ್ಲಿ ಎಷ್ಟು ನಡೆಯಿತೋ ಈ ಬಾಗು ಹಲಗೆಯ ಮೇಲೆಯೂ ಅಷ್ಟೇ ನಡೆದಿದೆ.

ಸಮೋವಾದಲ್ಲಿ ಎರಡು ಬಗೆ. ಅಚ್ಚಿನ ಮೇಲೆ ತಿಕ್ಕಿದ್ದು ಸಿಯಾಪೊ ಎಲೆಯಿ, ಕೈಯಾರೆ ಬರೆದದ್ದು ಸಿಯಾಪೊ ಮಮನು. ಅರಿಶಿನದ ಹಳದಿ ಅಲ್ಲಿನ ಬಣ್ಣಗಳಲ್ಲೊಂದು. ಕೈಬರಹದ ಬಗೆ ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ ಕ್ಷೀಣಿಸುತ್ತ ಬಂದಿತ್ತು. ಅಮೆರಿಕನ್ ಸಮೋವಾದ ಮೇರಿ ಪ್ರಿಚರ್ಡ್ 1920ರ ದಶಕದ ಕೊನೆಗೆ ಲಿಯೋನೆ ಎಂಬ ಊರಿನ ಹಿರಿಯ ಹೆಂಗಸರ ಪಕ್ಕ ಕೂತು ಅದನ್ನು ಕಲಿತರು, ಮುಂದಿನ ಆರು ದಶಕ ಕಲಿಸಿದರು, 1984ರಲ್ಲಿ ಪುಸ್ತಕವನ್ನೂ ಬರೆದರು. ಒಬ್ಬರ ಹಟದಿಂದ ಒಂದು ಕಲೆ ಉಳಿಯಿತೆಂದು ಧೈರ್ಯವಾಗಿ ಹೇಳಬಹುದಾದ ಪ್ರಸಂಗಗಳು ಕಡಿಮೆ, ಇದು ಅಂಥದ್ದು.

ಯುರೋಪಿಯನ್ನರು ಬರುವ ಮುಂಚೆ ತಾಹಿತಿ ಮತ್ತು ಹವಾಯಿಗಳು ಈ ಕಸುಬಿನ ಶಿಖರಗಳು. 1769ರಲ್ಲಿ ಕುಕ್ ಜೊತೆ ತಾಹಿತಿಗೆ ಹೋದ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಬಡಿಯುವ ಕ್ರಮವನ್ನೆಲ್ಲ ಕೂತು ಬರೆದುಕೊಂಡ. ಅದೇ ವರ್ಷದ ಮೇ ತಿಂಗಳಲ್ಲಿ ಅವನಿಗೊಂದು ವಿಚಿತ್ರ ಸನ್ಮಾನವೂ ಆಯಿತು: ನೆಲಕ್ಕೆ ಪದರ ಪದರವಾಗಿ ಬಟ್ಟೆ ಹಾಸಿ, ಅದರ ಮೇಲೆ ಹೆಜ್ಜೆಯಿಟ್ಟ ತರುಣಿಯೊಬ್ಬಳು ತನ್ನ ಉಡುಗೆ ಎತ್ತಿ ನಿಧಾನವಾಗಿ ಮೂರು ಸುತ್ತು ತಿರುಗಿದಳು, ಆಮೇಲೆ ಅಷ್ಟೂ ಬಟ್ಟೆ ಅವನದಾಯಿತು. ಇಂಗ್ಲಿಷರು ಇದನ್ನು ಬೇರೆ ಕಣ್ಣಿನಿಂದ ಕಂಡು ಮನೆಗೆ ಹೋಗಿ ರಸವತ್ತಾಗಿ ಹೇಳಿಕೊಂಡರು. ಹಾಸಿದ ಬಟ್ಟೆಯೇ ಆ ಕ್ರಿಯೆಯ ಕೇಂದ್ರ ಎಂಬುದು ಅವರಿಗೆ ಹೊಳೆದಂತೆ ಕಾಣುವುದಿಲ್ಲ. ತಾಹಿತಿಯಲ್ಲಿ ಮುಖಂಡರ ಹೆಂಡಂದಿರು, ರಾಣಿಯರು ಕೂಡ ಕೊಡತಿ ಹಿಡಿದು ಕೂರುತ್ತಿದ್ದರು. ಒಳ್ಳೆಯ ಬಟ್ಟೆ ಬಡಿಯಬಲ್ಲೆ ಎಂಬುದು ಅವರಿಗೆ ಹೆಮ್ಮೆ.

ಕುಕ್‌ನ ಮೂರು ಯಾನಗಳಲ್ಲಿ ಹಡಗುಗಳಿಗೆ ಬಂದ ಬಟ್ಟೆಯ ಒಂದು ಪಾಲು ವಿಚಿತ್ರ ಗತಿ ಕಂಡಿತು. 1787ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಶಾ ಎಂಬ ವ್ಯಾಪಾರಿ ಟಾಪಾ ಹಾಳೆಗಳನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸಿ, ಮುಂದೆ ಕೆಲವು ಪುಟ ವಿವರಣೆ ಸೇರಿಸಿ, ರಟ್ಟು ಕಟ್ಟಿ ಪುಸ್ತಕವಾಗಿ ಮಾರಿದ. ಓದುವ ಪುಟಕ್ಕಿಂತ ಮುಟ್ಟುವ ಪುಟ ಹೆಚ್ಚಿರುವ ಪುಸ್ತಕ. ಒಂದು ಪ್ರತಿಯಂತೆ ಇನ್ನೊಂದಿಲ್ಲ. ಉಳಿದಿರುವ ಕೆಲವೇ ಡಜನ್ ಪ್ರತಿಗಳು ಇಂದು ದೊಡ್ಡ ಗ್ರಂಥಾಲಯಗಳ ಆಸ್ತಿ. ಕತ್ತರಿಸುವ ಮುಂಚೆ ಇಡಿಯಾಗಿದ್ದ ಹಾಳೆಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಕತ್ತರಿಸದೇ ಇದ್ದಿದ್ದರೆ ಎಷ್ಟು ಉಳಿಯುತ್ತಿದ್ದವು ಎಂಬುದೂ ಪ್ರಶ್ನೆಯೇ.

ದೇವರಿಗೂ ಬಟ್ಟೆ ಬೇಕಿತ್ತು. ತಾಹಿತಿಯಲ್ಲಿ ದೇವರ ಮರದ ತುಂಡನ್ನು ನಾರುಹಗ್ಗದಿಂದ ಹೆಣೆದು ಟಾಪಾದಲ್ಲಿ ಸುತ್ತಿಡುತ್ತಿದ್ದರು; ಬಿಚ್ಚಿ ಮತ್ತೆ ಸುತ್ತುವುದೇ ಒಂದು ದೊಡ್ಡ ಕರ್ಮ. ಕುಕ್ ದ್ವೀಪಸಮೂಹದ ರಾರೊಟೊಂಗಾದಲ್ಲಿ ಆಳುದ್ದಕ್ಕೂ ಮಿಗಿಲಾದ ಕೆತ್ತನೆಯ ಕಂಬಕ್ಕೆ ಗಜಗಟ್ಟಲೆ ಬಟ್ಟೆ ಸುತ್ತಿ, ಒಳಗೆ ಕೆಂಪು ಗರಿ ಮತ್ತು ಹೊಳಪಿಟ್ಟ ಚಿಪ್ಪಿನ ಚೂರುಗಳನ್ನು ದೇವರ ಜೀವವೆಂದು ಇಡುತ್ತಿದ್ದರು. 1827ರಲ್ಲಿ ಇಂಥ ಹದಿನಾಲ್ಕು ದೇವರುಗಳನ್ನು ಹೊತ್ತು ತಂದು ಮತಾಂತರಗೊಂಡ ಜನ ಪಾದ್ರಿ ಜಾನ್ ವಿಲಿಯಮ್ಸ್ ಕಾಲಬುಡದಲ್ಲಿ ಹಾಕಿದರು. ಬಟ್ಟೆ ಬಿಚ್ಚಲಾಯಿತು, ಕಂಬಗಳನ್ನು ತುಂಡರಿಸಲಾಯಿತು. ಸುತ್ತಿದ ಬಟ್ಟೆ ಸಮೇತ ಉಳಿದದ್ದು ಒಂದೇ. ಸುಮಾರು 4 ಮೀಟರ್ ಉದ್ದದ ಅದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ತಾಹಿತಿಯ ವಿದ್ಯೆಯ ಒಂದು ಕವಲು ಯಾರೂ ಎಣಿಸದ ಜಾಗದಲ್ಲಿ ಚಿಗುರಿತು. 1789ರಲ್ಲಿ ಬೌಂಟಿ ಹಡಗಿನ ನಾವಿಕರು ಕ್ಯಾಪ್ಟನ್ ಬ್ಲೈ ವಿರುದ್ಧ ದಂಗೆಯೆದ್ದ ಕಥೆ ಸಿನಿಮಾಗಳಿಂದ ಎಲ್ಲರಿಗೂ ಗೊತ್ತು. ದಂಗೆಕೋರರಲ್ಲಿ ಒಂಬತ್ತು ಮಂದಿ 1790ರಲ್ಲಿ ಪಿಟ್‌ಕೈರ್ನ್ ಎಂಬ ನಿರ್ಜನ ದ್ವೀಪದಲ್ಲಿ ಇಳಿದು ಹಡಗು ಸುಟ್ಟರು. ಅವರ ಜೊತೆ ತಾಹಿತಿ ಮತ್ತು ಸುತ್ತಲಿನ ದ್ವೀಪಗಳ ಆರು ಗಂಡಸರು, ಹನ್ನೊಂದು ಹೆಂಗಸರು, ಒಂದು ಹೆಣ್ಣುಕೂಸು. ಗಂಡಸರು ಒಬ್ಬರನ್ನೊಬ್ಬರು ಕೊಂದುಕೊಂಡರು, ಕೆಲವರು ಕುಡಿತಕ್ಕೆ, ಕಾಯಿಲೆಗೆ ಬಲಿಯಾದರು. 1808ರಲ್ಲಿ ಅಮೆರಿಕದ ಹಡಗೊಂದು ಅಕಸ್ಮಾತ್ತಾಗಿ ಆ ದ್ವೀಪ ಕಂಡಾಗ ವಯಸ್ಕ ಗಂಡಸರಲ್ಲಿ ಬದುಕಿದ್ದವನು ಜಾನ್ ಆಡಮ್ಸ್ ಒಬ್ಬನೇ. ಹೆಂಗಸರು ಇದ್ದರು, ಮಕ್ಕಳು ಇದ್ದರು, ಮತ್ತು ಎಲ್ಲರ ಮೈಮೇಲೆ ಆ ಹೆಂಗಸರು ಬಡಿದ ಬಟ್ಟೆ ಇತ್ತು. ದಂಗೆಯ ನಾಯಕ ಫ್ಲೆಚರ್ ಕ್ರಿಶ್ಚಿಯನ್‌ನ ಹೆಂಡತಿ ಮೌವಾಟುವಾ ಕೈಯಿಂದ ಬಂದ ಟಾಪಾ ತುಂಡುಗಳು ಬ್ರಿಟನ್ನಿನ ಸಂಗ್ರಹಗಳಲ್ಲಿ ಇವತ್ತಿಗೂ ಇವೆ. ಬೌಂಟಿಯ ಬಗ್ಗೆ ಬರೆದವರು ಎರಡು ಶತಮಾನ ಗಂಡಸರ ಜಗಳವನ್ನೇ ಬರೆದರು. ಆ ಕಾಲದ ಪಿಟ್‌ಕೈರ್ನ್ ಹೇಗೆ ಬದುಕಿತು ಎಂದು ಕೈಯಲ್ಲಿ ಹಿಡಿದು ನೋಡಬಹುದಾದ ಸಾಕ್ಷ್ಯ ಈ ಬಟ್ಟೆ.

ಹವಾಯಿಯ ಕಾಪಾ ಇನ್ನೊಂದು ಮೆಟ್ಟಿಲು ಮೇಲೆ. ಅಲ್ಲಿ ಬಡಿತ ಎರಡು ಸುತ್ತು. ಮೊದಲು ಕಲ್ಲಿನ ಮೇಲೆ ದುಂಡು ಕೊಡತಿಯಿಂದ. ಬಳಿಕ ಪಟ್ಟಿಗಳನ್ನು ನೀರಿನಲ್ಲಿ ದಿನಗಟ್ಟಲೆ ಕೊಳೆಹಾಕಿ, ಮೆತ್ತಗಾದ ನಾರನ್ನು ಮರದ ದಿಮ್ಮಿಯ ಮೇಲೆ ಚೌಕ ಕೊಡತಿಯಿಂದ. ಹೀಗಾಗಿ ಅಂಟಿನ ಹಂಗಿಲ್ಲದೆ ತುಂಡಿಗೆ ತುಂಡು ಬೆಸೆದುಕೊಳ್ಳುತ್ತಿತ್ತು. ಚೌಕ ಕೊಡತಿಯ ಮುಖಗಳಲ್ಲಿ ಕೊರೆದ ಸಣ್ಣ ವಿನ್ಯಾಸ ಬಟ್ಟೆಯ ಒಡಲಿನಲ್ಲೇ ಉಳಿಯುತ್ತದೆ. ಬೆಳಕಿಗೆ ಹಿಡಿದರೆ ನೋಟಿನ ನೀರುಗುರುತಿನಂತೆ ಕಾಣುತ್ತದೆ. ಮೇಲೆ ಬಿದಿರಿನ ಕಡ್ಡಿಯ ಅಚ್ಚು, ಸುಗಂಧದ ಎಲೆಗಳ ಪರಿಮಳ. ಹೊದಿಕೆಯಾದರೆ ನಾಲ್ಕು ಬಿಳಿ ಹಾಳೆ, ಮೇಲೊಂದು ಚಿತ್ತಾರದ ಹಾಳೆ, ಐದನ್ನೂ ಒಂದೇ ಅಂಚಿನಲ್ಲಿ ಹೊಲಿಯುತ್ತಿದ್ದರು. ಚಳಿ ಎಷ್ಟೋ ಅಷ್ಟು ಪದರ ಎಳೆದುಕೊಂಡರಾಯಿತು. ಮಾಯಿ ದ್ವೀಪದ ಹಲೆಯಾಕಲಾ ಬೆಟ್ಟದ ಕಥೆ ಹುಟ್ಟಿದ್ದೂ ಈ ಕೆಲಸದ ಗೋಳಿನಿಂದಲೇ. ಸೂರ್ಯ ಓಡೋಡಿ ಮುಳುಗುತ್ತಿದ್ದರಿಂದ ತಾಯಿ ಹಿನಾಳ ಕಾಪಾ ಒಣಗುತ್ತಿರಲಿಲ್ಲ. ಮಗ ಮಾವಿ ಬೆಟ್ಟ ಹತ್ತಿ, ಸೂರ್ಯನಿಗೆ ಉರುಲು ಹಾಕಿ ಹಿಡಿದು, ನಿಧಾನವಾಗಿ ನಡೆ ಎಂದು ಒಪ್ಪಿಸಿದ. ಗಿಡಕ್ಕೂ ಕಥೆ ಉಂಟು: ಮೈಕೊಹಾ ಎಂಬ ಮುದುಕನ ಸಮಾಧಿಯಲ್ಲಿ ಅದು ಹುಟ್ಟಿತು. ಅವನ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಬಡಿಯುವವರ ದೇವತೆ, ಇನ್ನೊಬ್ಬಳು ಚಿತ್ತಾರ ಹಾಕುವವರ ದೇವತೆ.

ಇಂಥ ಕಾಪಾ ನೂರು ವರ್ಷದೊಳಗೆ ಮಾಯವಾಯಿತು. 1819ರಲ್ಲಿ ಅರಸನೇ ಹಳೆಯ ವಿಧಿನಿಷೇಧಗಳನ್ನು ಕಿತ್ತೊಗೆದ, ದೇವಾಲಯಗಳು ಬಿದ್ದವು. 1820ರಲ್ಲಿ ಅಮೆರಿಕದ ಮಿಷನರಿಗಳು ಬಂದಿಳಿದರು. ಶ್ರೀಗಂಧದ ಮರ ಒಯ್ದ ವ್ಯಾಪಾರಿಗಳು ಬದಲಿಗೆ ಚೀನಾದ ರೇಷ್ಮೆ, ಹತ್ತಿ, ಉಣ್ಣೆಯ ಥಾನುಗಳನ್ನು ತಂದು ಸುರಿದರು. 1823ರ ಒಂದು ಉತ್ಸವದಲ್ಲಿ ರಾಣಿಯೊಬ್ಬಳು 72 ಗಜ ಉಣ್ಣೆಬಟ್ಟೆಯನ್ನು, ಅರ್ಧ ಕಡುಗೆಂಪು ಅರ್ಧ ಕಿತ್ತಳೆ, ಮೈಗೆ ಸುತ್ತಿಕೊಂಡು ಬಂದದ್ದನ್ನು ಮಿಷನರಿಯೊಬ್ಬ ಬರೆದಿದ್ದಾನೆ. ಬಟ್ಟೆಯ ಗಾತ್ರಕ್ಕೆ ಅವಳ ತೋಳುಗಳು ಕೆಳಗಿಳಿಯದೆ ಅಡ್ಡಕ್ಕೆ ನಿಂತಿದ್ದವಂತೆ. ಅವನಿಗೆ ಅದು ನಗೆಪಾಟಲು. ಮೈತುಂಬ ಬಟ್ಟೆ ಸುತ್ತಿ ತೋರಿಸುವುದು ಅಲ್ಲಿನ ಹಳೆಯ ರಾಜಮರ್ಯಾದೆ. ಬದಲಾದದ್ದು ಸರಕು ಮಾತ್ರ. ಸರಕು ಬದಲಾದರೂ ಮರ್ಯಾದೆ ನಡೆಯುತ್ತದೆ ಎಂದಾದಾಗ ಕೊಡತಿ ಎತ್ತುವವರು ಯಾರು? ತೊಗಟೆ ಬಟ್ಟೆ ನೀರಿಗೆ ಹಿಂಜುತ್ತದೆ, ಒಗೆಯಲಾಗದು. ಕ್ಯಾಲಿಕೊ ಎಂಬ ಹತ್ತಿಬಟ್ಟೆಯನ್ನು ಒಗೆಯಬಹುದು, ತಿಂಗಳುಗಟ್ಟಲೆ ಉಡಬಹುದು. ಶತಮಾನದ ಕೊನೆಗೆ ಹವಾಯಿಯಲ್ಲಿ ಬಡಿತದ ಸದ್ದು ಅಡಗಿತು.

ಇದೇ ಹತ್ತಿಬಟ್ಟೆ, ಇದೇ ಮಿಷನರಿಗಳು ಟಾಂಗಾಕ್ಕೂ ಬಂದರು. ಅಲ್ಲೇಕೆ ಉಳಿಯಿತು? ಜನ ದಿನವೂ ಉಡುವುದನ್ನು ಅಲ್ಲೂ ಬಿಟ್ಟರು. ಟಾಂಗಾದಲ್ಲಿ ಅರಸೊತ್ತಿಗೆ ಮುರಿಯಲಿಲ್ಲ, 1900ರಿಂದ 1970ರವರೆಗೆ ಬ್ರಿಟನ್ನಿನ ರಕ್ಷಣೆಯಲ್ಲಿದ್ದರೂ ದೇಶ ಯಾರ ವಸಾಹತೂ ಆಗಲಿಲ್ಲ. ಹಾಗಾಗಿ ಅರಸು, ಮುಖಂಡ, ಬಂಧುಬಳಗ ಎಂಬ ಏಣಿ ಹಾಗೇ ಉಳಿಯಿತು. ಆ ಏಣಿಯ ಮೆಟ್ಟಿಲು ಮೆಟ್ಟಿಲಿಗೂ ನ್ಗಾಟು ಬೇಕು. ಹುಟ್ಟಿಗೆ, ಮದುವೆಗೆ, ಸಾವಿಗೆ ಹೆಂಗಸರು ಮಾಡಿದ ಚಾಪೆ ಮತ್ತು ನ್ಗಾಟು ಕೊಡಬೇಕು; ಇವೆರಡಕ್ಕೂ ಸೇರಿ ಕೊಲೊವಾ ಎನ್ನುತ್ತಾರೆ, ಸಂಪತ್ತು ಎಂದೇ ಅರ್ಥ. ಗಂಡಸರು ಬೆಳೆಯುವ ಗೆಣಸು, ಸಾಕುವ ಹಂದಿ ಅದಕ್ಕಿಂತ ಕೆಳಗಿನ ಲೆಕ್ಕ. ಪಟ್ಟಾಭಿಷೇಕ, ರಾಜಮನೆತನದ ಅಂತ್ಯಕ್ರಿಯೆಗಳಲ್ಲಿ ನಡೆವ ಹಾದಿಗೇ ಬಟ್ಟೆ ಹಾಸುತ್ತಾರೆ. ರಾಣಿ ಸಲೋಟೆ 1953ರಲ್ಲಿ ಹೆಂಗಸರ ಕರಕುಶಲಕ್ಕೆಂದು ಲಂಗಾಫೊನುವಾ ಎಂಬ ಸಂಸ್ಥೆಯನ್ನೂ ಕಟ್ಟಿದರು. ಉಡುವ ವಸ್ತುವಿಗೆ ಮಾತ್ರ ಕಾರ್ಖಾನೆ ಬಟ್ಟೆಯ ಬದಲಿ ಸಿಕ್ಕಿತು, ಕೊಡಲೇಬೇಕಾದ ವಸ್ತುವಿಗೆ ಸಿಗಲಿಲ್ಲ.

ಸಂಪತ್ತು ಎಂದ ಮೇಲೆ ಅಡವು ಇಡುವುದೂ ಇದ್ದೇ ಇದೆ. ಟಾಂಗಾದ ಗಿರವಿ ಅಂಗಡಿಗಳಲ್ಲಿ ಚಾಪೆ, ನ್ಗಾಟುಗಳನ್ನು ಒತ್ತೆಯಿಟ್ಟು ಹಣ ಪಡೆಯುತ್ತಾರೆ; ಬಿಡಿಸಿಕೊಳ್ಳದವರದು ವಿದೇಶದಲ್ಲಿ ನೆಲೆಸಿದ ಟಾಂಗನ್ನರ ಪಾಲಾಗುತ್ತದೆ. ಮಾನದ ವಿಷಯವಾದ್ದರಿಂದ ಅಂಗಡಿಗೆ ಹೋಗುವುದನ್ನು ಯಾರೂ ಹೇಳಿಕೊಳ್ಳುವುದಿಲ್ಲ. ಫಿಜಿಯಲ್ಲಿ ಬೇರೆ ಬಗೆಯ ಹಣದ ಜಗಳ ನಡೆಯಿತು. ಅಲ್ಲಿನ ರಾಷ್ಟ್ರೀಯ ವಿಮಾನ ಸಂಸ್ಥೆ ಫಿಜಿ ಏರ್‌ವೇಸ್ ಎಂದು ಹೆಸರು ಬದಲಿಸಿಕೊಂಡಾಗ ಕಲಾವಿದೆ ಮಕೆರೆಟಾ ಮಟೆಮೊಸಿ ರಚಿಸಿದ ಮಾಸಿ ಚಿತ್ತಾರಗಳು ವಿಮಾನಗಳ ಮೈಮೇಲೆ ಬಂದವು, ಜನ ಖುಷಿಪಟ್ಟರು. ಹಿಂದೆಯೇ ಸಂಸ್ಥೆ ಹದಿನೈದು ಚಿತ್ತಾರಗಳಿಗೆ ಟ್ರೇಡ್‌ಮಾರ್ಕ್ ಕೇಳಿತು. ತಲೆಮಾರುಗಳಿಂದ ಎಲ್ಲರೂ ಬರೆಯುತ್ತ ಬಂದ ಗೆರೆಗೆ ಒಬ್ಬರ ಹಕ್ಕೇ ಎಂದು 2013ರಲ್ಲಿ ದೊಡ್ಡ ಗಲಾಟೆಯಾಯಿತು.

ಹವಾಯಿಯಲ್ಲಿ ಕಾಪಾ ಮತ್ತೆ ಎದ್ದದ್ದು ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ, ಕಲಿಸುವ ಗುರುವೇ ಉಳಿಯದ ಮೇಲೆ. ಮಾಲಿಯಾ ಸಾಲಮನ್ ಬೇರೆ ದ್ವೀಪಗಳನ್ನು ಸುತ್ತಿ, ಅಲ್ಲಿನ ಬಡಿಯುವವರಿಂದ ಕಲಿತು ಬಂದರು. ಪುವನಾನಿ ವ್ಯಾನ್ ಡಾರ್ಪ್ ಬಿಷಪ್ ವಸ್ತುಸಂಗ್ರಹಾಲಯದ ಹಳೆಯ ತುಂಡುಗಳನ್ನೇ ಗುರುವಾಗಿಟ್ಟುಕೊಂಡು, ಎಷ್ಟು ದಿನ ನೆನೆಸಿದರೆ ನಾರು ಹೇಗೆ ಬರುತ್ತದೆಂದು ವರ್ಷಗಟ್ಟಲೆ ಪ್ರಯೋಗ ಮಾಡಿದರು. ಆ ಕಲಿಕೆಗೆ ದೊಡ್ಡ ಕೆಲಸವೊಂದು ಬೇಗನೆ ಎದುರಾಯಿತು. ಮಾಯಿ ದ್ವೀಪದ ಹೊನೊಕಹುವಾದಲ್ಲಿ ಹೋಟೆಲಿಗೆಂದು ನೆಲ ಅಗೆದಾಗ ಸಾವಿರಕ್ಕೂ ಹೆಚ್ಚು ಪೂರ್ವಿಕರ ಅಸ್ಥಿ ಸಿಕ್ಕಿತು. ಪ್ರತಿಭಟನೆಯ ಬಳಿಕ 1988ರ ಕೊನೆಗೆ ಅಗೆತ ನಿಂತಿತು, ಹೋಟೆಲನ್ನು ಹಿಂದಕ್ಕೆ ಸರಿಸಲಾಯಿತು. ಮರಳಿ ಮಣ್ಣು ಮಾಡುವ ಮುಂಚೆ ಆ ಅಸ್ಥಿಗಳನ್ನು ಸುತ್ತಲು ಪುವನಾನಿ ಮತ್ತು ಸ್ಥಳೀಯ ಹೆಂಗಸರು ಕೂತು ಕಾಪಾ ಬಡಿದರು. 2011ರ ಮೆರಿ ಮೊನಾರ್ಕ್ ಹುಲಾ ಉತ್ಸವದಲ್ಲಿ ನರ್ತಕರ ತಂಡವೊಂದು ಪೂರ್ತಿ ಕಾಪಾ ಉಡುಗೆಯಲ್ಲಿ ವೇದಿಕೆ ಏರಿತು; ಹಲವು ದ್ವೀಪಗಳ ಕಾಪಾ ಕಲಾವಿದರು ಅದಕ್ಕೆ ದುಡಿದಿದ್ದರು.

ಆಕ್ಲೆಂಡಿನ ಟಾಂಗನ್ ಹೆಂಗಸರ ತೊಂದರೆ ಬೇರೆ. ಊರು ಬಿಟ್ಟು ಬಂದರೂ ಕೊಡುವ ಬಾಧ್ಯತೆ ಬಿಟ್ಟಿಲ್ಲ. ನ್ಯೂಜಿಲೆಂಡಿನ ಚಳಿಯಲ್ಲಿ ಗಿಡ ಸರಿಯಾಗಿ ಏಳದು ಎಂಬುದು ಮಾವೊರಿಗಳ ಕಾಲದಿಂದ ಗೊತ್ತಿರುವ ಮಾತು. ಅವರು ದರ್ಜಿಗಳು ಕಾಲರಿನ ಒಳಗೆ ಇಡುವ ವೈಲೀನ್ ಎಂಬ ಕೃತಕ ಬಟ್ಟೆಯನ್ನು ಥಾನುಗಟ್ಟಲೆ ತಂದು ಬಾಗು ಹಲಗೆಯ ಮೇಲೆ ಹಾಸಿ, ಅದೇ ಕುಪೆಸಿ ಕಟ್ಟಿ, ಅದೇ ಕಂದು ಬಣ್ಣ ತಿಕ್ಕಿದರು. ಇದಕ್ಕೆ ನ್ಗಾಟು ಪೆಪಾ ಎಂದು ಹೆಸರು ಬಿತ್ತು. ಬಡಿಯುವ ಕೆಲಸವಿಲ್ಲ, ಹರಿಯುವ ಭಯ ಕಡಿಮೆ. ಇದು ನಿಜವಾದ ಕೊಲೊವಾ ಹೌದೇ ಎಂದು ಹಿರಿಯರಲ್ಲಿ ಚರ್ಚೆ ಇದೆ. ಅತ್ತ ಚರ್ಚೆ ನಡೆಯುತ್ತಿರುವಾಗಲೇ ಇತ್ತ ಮದುವೆಮನೆ, ಸಾವಿನಮನೆಗಳಿಗೆ ಅದು ತಲುಪಿಯೂ ಆಗಿದೆ, ಅಂಚಿನಲ್ಲಿ 1, 2, 3 ಎಂದು ಪಟ್ಟೆಯ ಅಂಕಿಗಳನ್ನು ಬರೆಸಿಕೊಂಡು.